ಕೈರೋವಿನ ಮುದಿ ಯುದ್ಧಾಶ್ವಗಳು

1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳದವರು, ಕಾರ್ಮೆಲ್ ಗಿರಿಯ ಮೇಲಿನಿಂದ ಶತ್ರುಗಳು ಗುಂಡಿನ ಮಳೆಗರೆಯುತ್ತಿರಲು, ಭರ್ಜಿಗಳನ್ನು ಮುಂದೊಡ್ಡಿ ನುಗ್ಗಿ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ವೃತ್ತಾಂತವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಬೆಂಗಳೂರಿನಲ್ಲಿ ಜಯಮಹಲಿನ ಸಮೀಪ ನಿಂತಿರುವ ಸ್ಮಾರಕಸ್ತಂಭವು ಆ ಸಾಹಸಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಅಂದು ಆ ಬ್ರಿಗೇಡಿನಲ್ಲಿ ಮಡಿದ ಯೋಧರು 8 ಮಂದಿ. ಮಡಿದ ಕುದುರೆಗಳು 60, ಗಾಯಗೊಂಡವು ಅದಕ್ಕಿಂತಲೂ ಹೆಚ್ಚು. ರಣರಂಗದಲ್ಲಿ ಬಿದ್ದವುಗಳ ಲೆಕ್ಕವನ್ನಾದರೂ ಸೈನ್ಯದವರು ಬರೆದಿಟ್ಟರು. ಯುದ್ಧವನ್ನು ಗೆದ್ದುಕೊಟ್ಟು ಜೀವಸಹಿತ ಉಳಿದ ಸಹಸ್ರಾರು ಅಶ್ವಗಳು ಶಾಂತಿಯ ಕಾಲದಲ್ಲಿ ಅನುಭವಿಸಿದ ದುರ್ಗತಿಯನ್ನು, ಅವುಗಳಿಗೆ ತಕ್ಕ ನೆಲೆಯನ್ನು ಒದಗಿಸಲು ಓರ್ವ ಸ್ತ್ರೀ ಪಟ್ಟ ಪಾಡನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಆ ಮಹಾಯುದ್ಧಕ್ಕೆಂದು ಆಸ್ಟ್ರೇಲಿಯಾ ದೇಶವೊಂದೇ 1,30,000ಕ್ಕೂ ಮಿಕ್ಕಿ ಕುದುರೆಗಳನ್ನು ಹಡಗೇರಿಸಿ ಕಳುಹಿಸಿತು. ಅವುಗಳಲ್ಲಿ ಸ್ವದೇಶಕ್ಕೆ ಹಿಂದಿರುಗಿದುದು ಒಂದೇ ಒಂದು, ಗಲ್ಲಿಪೋಲಿಯಲ್ಲಿ ಗಾಯಗೊಂಡು ತೀರಿಕೊಂಡ ಸೇನಾನಿ ಬ್ರಿಡ್ಜಸನ ‘ಸ್ಯಾಂಡಿ’. ಹಡಗಿನ ವೆಚ್ಚ, ರೋಗ ಹರಡೀತೆಂಬ ಭೀತಿ ಎಂಬ ಎರಡು ಕಾರಣಗಳು ಉಳಿದವುಗಳ ದಾರಿಯನ್ನು ಮುಚ್ಚಿಬಿಟ್ಟುವು. ಪ್ಯಾಲೆಸ್ಟೈನಿನಲ್ಲಿದ್ದ ವೃದ್ಧ, ರೋಗಿಷ್ಠ ಕುದುರೆಗಳನ್ನು ಗುಂಡಿಟ್ಟು ಕೊಂದರು. ಗಟ್ಟಿಯಾಗಿದ್ದ ಸುಮಾರು 11,000ವನ್ನು ಮಾರಿದರು. ಹಾಗೆ ಮಾರಿದವುಗಳಲ್ಲಿ ಹೆಚ್ಚಿನವು ಭಾರತದ ಬ್ರಿಟಿಷ್ ಸೈನ್ಯಕ್ಕೆ ಬಂದುವು. ‘ವೇಲರ್’ ಎಂಬ ಹೆಸರಿನ ಈ ಎತ್ತರದ, ಎಲುಬು ಗಟ್ಟಿಯಾದ ತಳಿಯನ್ನು ಬೆಂಗಳೂರು ದಂಡಿನ ಲಾಯಗಳವರು ಬಹುಕಾಲದಿಂದ ಬಲ್ಲವರಾಗಿದ್ದರು. ತಮ್ಮ ಕುದುರೆಗಳನ್ನು ಪರರ ಕೈಗೆ ಒಪ್ಪಿಸಲಾರದೆ ಕಣ್ಣೀರಿಟ್ಟ ಸವಾರರು ಹಲವರು. ಆದರೆ ಸೈನ್ಯದ ಲೆಕ್ಕಪತ್ರಗಳಲ್ಲಿ ಕಣ್ಣೀರಿಗೆ ಅಂಕಣವಿಲ್ಲವಷ್ಟೆ. ಬ್ರಿಟಿಷ್ ಸೈನ್ಯಕ್ಕೆ ಸೇರಿದ ಇನ್ನೂ ಸಾವಿರಾರು ಕುದುರೆಗಳು ಈಜಿಪ್ತಿನ ಸಂತೆಗಳಲ್ಲಿಯೇ ಬಿಕರಿಯಾಗಿ, ಕಲ್ಲುಗಣಿಗಳ ಬಂಡಿಗಳಿಗೂ ಕೈರೋವಿನ ಬಾಡಿಗೆ ಗಾಡಿಗಳಿಗೂ ಕಟ್ಟಲ್ಪಟ್ಟುವು.

ಇದನ್ನು ಕೇವಲ ಕ್ರೌರ್ಯವೆಂದು ಕರೆದು ಮುಗಿಸುವುದು ಸರಿಯಲ್ಲ. ಸೈನ್ಯದಲ್ಲಿ ಹೊತ್ತುಹೊತ್ತಿಗೆ ಧಾನ್ಯ, ಒಣಹುಲ್ಲು, ನೀರು, ಮಾಲೀಸು, ಲಾಳಗಾರನ ಆರೈಕೆ ಇವೆಲ್ಲವನ್ನೂ ಕಂಡು ಬೆಳೆದ ದೊಡ್ಡ ದೇಹದ ಪ್ರಾಣಿಯು, ದಿನದ ದುಡಿಮೆಯಿಂದ ಹೆಂಡಿರು ಮಕ್ಕಳ ಹೊಟ್ಟೆಯನ್ನೇ ತುಂಬಿಸಲಾರದ ಬಡ ಬಂಡಿಕಾರನ ಪಾಲಿಗೆ ಬಂದರೆ, ಅದರ ಹಸಿವನ್ನು ಆತನು ತೀರಿಸುವುದೆಂತು? ಹಸಿದ ಕುದುರೆ ನಿಧಾನವಾಗುತ್ತದೆ. ನಿಧಾನವಾದರೆ ಬಾಡಿಗೆ ತಪ್ಪುತ್ತದೆ. ಬಾಡಿಗೆ ತಪ್ಪಿದರೆ ಚಾವಟಿ ಏಳುತ್ತದೆ. ಕುದುರೆಯೂ ಒಡೆಯನೂ ಒಂದೇ ದಾರಿದ್ರ್ಯದ ನೊಗಕ್ಕೆ ಕೊರಳು ಕೊಟ್ಟಿದ್ದರೆಂಬ ಸಂಗತಿಯನ್ನು ಮರೆತು ಬರೆದ ಕಥನವು ಅರ್ಧ ಸತ್ಯ ಮಾತ್ರವಾದೀತು.

ವೃದ್ಧಾಶ್ವಗಳಿಗೆ ಆಶ್ರಯವನ್ನು ಕಲ್ಪಿಸುವ ಯತ್ನವು ಅದಾಗಲೇ ಇಂಗ್ಲೆಂಡಿನಲ್ಲಿ ಮೊಳೆತಿದ್ದಿತು. ಕುದುರೆಯೇ ತನ್ನ ಕಥೆಯನ್ನು ಹೇಳಿಕೊಳ್ಳುವಂತೆ ಅನ್ನಾ ಸೀವೆಲ್ ರಚಿಸಿದ ‘ಬ್ಲ್ಯಾಕ್ ಬ್ಯೂಟಿ’ 1877ರಲ್ಲಿ ಪ್ರಕಟವಾಯಿತು. ಅದರಿಂದ ಪ್ರೇರಿತರಾದ ಆನ್ ಲಿಂಡೋ ಎಂಬವರು 1886ರಲ್ಲಿ ಲಂಡನ್ನಿನ ಗಾಡಿಕುದುರೆಗಳಿಗಾಗಿ ವಿಶ್ರಾಂತಿಧಾಮವೊಂದನ್ನು ತೆರೆದರು. ದುಡಿದು ಸವೆದ ಕುದುರೆಗಳನ್ನು ಕಸಾಯಿಖಾನೆಗಾಗಿ ಹಡಗಿನಲ್ಲಿ ಯೂರೋಪಿಗೆ ಸಾಗಿಸುವುದನ್ನು ಕಂಡು ಕನಲಿದ ಏಡಾ ಕೋಲ್ ಎಂಬವರು 1927ರಲ್ಲಿ ಅದರ ವಿರುದ್ಧ ಸಂಘವನ್ನು ಕಟ್ಟಿದರು. ಇವೆರಡೂ ಆದರಣೀಯವಾದ ಕಾರ್ಯಗಳು. ಆದರೆ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಕೈರೋವಿನಲ್ಲಿ.

1930ರಲ್ಲಿ ಅಶ್ವಸೈನ್ಯದ ಅಧಿಕಾರಿಯೊಬ್ಬರ ಪತ್ನಿಯಾಗಿ ಡೊರೊತಿ ಬ್ರೂಕ್ ಆ ನಗರಕ್ಕೆ ಬಂದಾಗ ಯುದ್ಧವು ಮುಗಿದು ಹನ್ನೆರಡು ವರ್ಷಗಳಾಗಿದ್ದುವು. ಬದುಕಿದ್ದ ಯುದ್ಧಾಶ್ವಗಳೆಲ್ಲವೂ ಇಪ್ಪತ್ತರ ಆಸುಪಾಸಿನ ಮುದಿಗಳು. ಚರ್ಮದ ಮೇಲೆ ಕಾದ ಕಬ್ಬಿಣದಿಂದ ಒತ್ತಿದ್ದ ಸರಕಾರಿ ಬಾಣದ ಮುದ್ರೆಯಿಂದಲೇ ಅವುಗಳ ಪೂರ್ವೇತಿಹಾಸವನ್ನು ಗುರುತಿಸಬೇಕಾಗಿದ್ದಿತು. ಬ್ರೂಕ್ ಅವರು ಮೊದಮೊದಲು ಕೊಂಡುಕೊಂಡವುಗಳಲ್ಲಿ ‘ಓಲ್ಡ್ ಬಿಲ್’ ಎಂದು ಹೆಸರಿಟ್ಟ ಕುದುರೆಯೊಂದು. ಒಂದೆರಡನ್ನು ಕೊಂಡು ಸಮಾಧಾನಪಟ್ಟುಕೊಳ್ಳುವ ಸ್ವಭಾವ ಆಕೆಯದಾಗಿರಲಿಲ್ಲ. 1931ರ ಏಪ್ರಿಲಿನಲ್ಲಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಆಕೆಯ ಮನವಿ ಅಚ್ಚಾಯಿತು. ಓದುಗರು ಹಣವನ್ನು ಕಳುಹಿಸಿದರು. ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳು ಕ್ರಯಕ್ಕೆ ಬಂದುವು.

ಕ್ರಯಕ್ಕೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಬಡವನ ಅನ್ನದ ಆಧಾರವನ್ನು ಕರುಣೆಯ ಹೆಸರಿನಲ್ಲಿ ಪುಕ್ಕಟೆಯಾಗಿ ಕಸಿದುಕೊಳ್ಳುವ ದಾರಿಯನ್ನು ಆಕೆ ಹಿಡಿಯಲಿಲ್ಲ. ಬೆಲೆ ಕೊಟ್ಟೇ ಕೊಂಡರು. ಹಾಗೆ ಬಂದ ಕುದುರೆಗಳಿಗಾಗಿ ಲಾಯದಲ್ಲಿ ದಪ್ಪನಾಗಿ ಹುಲ್ಲನ್ನು ಹಾಸಿಡುತ್ತಿದ್ದರು. ಕುದುರೆಯು ನಿಂತು ತೂಕಡಿಸಬಲ್ಲುದು, ದಿಟ. ಆದರೆ ಗಾಢನಿದ್ರೆಗೆ ಅದು ಮಲಗಲೇಬೇಕು, ಮಲಗಲು ನೆಲವು ಮೆತ್ತಗಿರಬೇಕು, ಸುತ್ತಲೂ ಭಯವಿರಬಾರದು. ವರ್ಷಗಟ್ಟಲೆ ಗಟ್ಟಿನೆಲದ ಮೇಲೆ ನಿಂತೇ ಇರುಳು ಕಳೆದ ಪ್ರಾಣಿಗೆ ಆ ಹಾಸು ಎಂಥ ಭಾಗ್ಯವಾಗಿದ್ದಿರಬೇಕು! ಮೇವನ್ನು ಕೂಡ ಅಳೆದು ಕೊಡಬೇಕು. ಕುದುರೆಯ ಜಠರವು ಚಿಕ್ಕದು, ತಿಂದುದನ್ನು ಕಾರಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಸಿದು ಬಡವಾದ ಕುದುರೆಯ ಮುಂದೆ ಮರುಕದಿಂದ ಬುಟ್ಟಿ ತುಂಬ ಧಾನ್ಯವನ್ನು ಸುರಿದರೆ ಹೊಟ್ಟೆನೋವು ಬಂದೋ, ಗೊರಸುಗಳೊಳಗೆ ಉರಿಯೆದ್ದೋ ಅದು ಸಾಯಲೂಬಹುದು. ಸವೆದ ಹಲ್ಲುಗಳಿಗೆ ನೆನೆಸಿದ ಬೂಸವೇ ಗತಿ.

ಆ ಐದು ಸಹಸ್ರದಲ್ಲಿ ಹೆಚ್ಚಿನವು ಹಲವು ದಿನಗಳ ವಿಶ್ರಾಂತಿಯ ತರುವಾಯ ನೋವಿಲ್ಲದೆ ಕೊಲ್ಲಲ್ಪಟ್ಟುವು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿ, ಮುದಿ ದನಗಳಿಗೆ ಪಿಂಜರಾಪೋಲುಗಳನ್ನು ಕಟ್ಟಿಸಿದ ನಮಗೆ ಈ ಮಾತನ್ನು ಕೇಳಿದೊಡನೆ ಮನಸ್ಸು ಮುದುಡುವುದು ಸಹಜ. ನಾನೂ ಇದನ್ನು ಬಹಳವಾಗಿ ಆಲೋಚಿಸಿರುವೆನು. ಅವುಗಳನ್ನು ಹಡಗಿನಲ್ಲಿ ಇಂಗ್ಲೆಂಡಿನ ಹುಲ್ಲುಗಾವಲಿಗೆ ಕಳುಹಿಸಬಾರದಿತ್ತೆ ಎಂದು ಕೇಳುವುದು ಸುಲಭ. ಕೀಲುಗಳು ಬಾತು ಒಂದು ಹೆಜ್ಜೆಯನ್ನಿಡಲು ನಾಲ್ಕು ಬಾರಿ ನಡುಗುವ ಪ್ರಾಣಿಗೆ ಸಮುದ್ರಯಾನವು ಚಿತ್ರಹಿಂಸೆಯಲ್ಲದೆ ಮತ್ತೇನು? ಮರಳಿ ಮಾರಿದರೆ ಮತ್ತೆ ಅದೇ ಕಲ್ಲುಬಂಡಿ. ಗುಣವಾಗದ ಯಾತನೆಯನ್ನು ದೀರ್ಘಗೊಳಿಸಿ ಅದಕ್ಕೆ ದಯೆಯೆಂದು ಹೆಸರಿಡಲು ಆಕೆ ಒಪ್ಪಲಿಲ್ಲ. ಆಕೆಯ ನಿರ್ಣಯವೇ ನ್ಯಾಯವಾದುದೆಂದು ನಾನು ತಿಳಿಯುತ್ತೇನೆ. ಕುದುರೆಯನ್ನು ಸಾಕುತ್ತೇನೆಂದು ಮುಂದೆ ಬರುವವನು ಅದರ ಕೊನೆಯ ದಿನಗಳ ಹೊಣೆಯನ್ನು ಸಹ ಹೊರತಕ್ಕವನು. ಇಪ್ಪತ್ತೈದು ಮೂವತ್ತು ವರ್ಷ ಬಾಳಬಲ್ಲ, ಹಿಂಡನ್ನು ಬಿಟ್ಟು ಒಂಟಿಯಾದರೆ ಕೊರಗುವ ಈ ಪ್ರಾಣಿಯನ್ನು ಮೋಹದ ಭರದಲ್ಲಿ ಮನೆಗೆ ತಂದು ಮುಂದಿನ ವರ್ಷ ಬೇರೊಬ್ಬರ ಕೊರಳಿಗೆ ಕಟ್ಟುವುದಕ್ಕಿಂತ ಅದನ್ನು ತಾರದಿರುವುದೇ ಲೇಸು.

ಯುದ್ಧಾಶ್ವಗಳ ಸಂತತಿಯು ಮುಗಿಯುತ್ತ ಬಂದಾಗ ಬ್ರೂಕ್ ಅವರ ಕೆಲಸವೂ ಮುಗಿಯಬಹುದಾಗಿದ್ದಿತು. ಮುಗಿಯದಿದ್ದುದೇ ಈ ಇತಿಹಾಸದ ಮಹತ್ತರವಾದ ತಿರುವು. ಬಾಣದ ಮುದ್ರೆಯಿಲ್ಲದ ಕುದುರೆಗಳು, ಕತ್ತೆಗಳು, ಹೇಸರಗತ್ತೆಗಳು ಅದೇ ಬೀದಿಗಳಲ್ಲಿ ಅದೇ ಹುಣ್ಣುಗಳನ್ನು ಹೊತ್ತು ದುಡಿಯುತ್ತಿದ್ದುವು. ಅವೆಲ್ಲವನ್ನೂ ಕೊಂಡು ತೀರಿಸುವುದು ಯಾವ ನಿಧಿಗೂ ಸಾಧ್ಯವಿರಲಿಲ್ಲ. 1934ರಲ್ಲಿ ಆಕೆ ಕೈರೋವಿನಲ್ಲಿ ಮುದಿ ಯುದ್ಧಾಶ್ವಗಳ ಸ್ಮಾರಕವಾಗಿ ಆಸ್ಪತ್ರೆಯೊಂದನ್ನು ಸ್ಥಾಪಿಸಿ, ದುಡಿಯುವ ಕುದುರೆ ಕತ್ತೆಗಳೆಲ್ಲಕ್ಕೂ ಉಚಿತ ಚಿಕಿತ್ಸೆಯೆಂದು ಮಾತು ಕೊಟ್ಟರು. ಅಲ್ಲಿಯತನಕ ಕುದುರೆಯನ್ನು ಒಡೆಯನಿಂದ ಬಿಡಿಸಿ ಬೇರೊಂದು ನೆಲೆಗೆ ಒಯ್ಯುವುದು ಕ್ರಮವಾಗಿದ್ದಿತು. ಇನ್ನು ಮೇಲೆ ಕುದುರೆ ಒಡೆಯನಲ್ಲಿಯೇ ಇರುವುದು, ಅದರ ಗಾಯ ಮಾಯುವುದು, ಮಾಸಿದ ಗಾಯ ಮರುಕಳಿಸದಂತೆ ಸರಂಜಾಮನ್ನು ಸರಿಪಡಿಸಿಕೊಳ್ಳಲು ಆತನೇ ಕಲಿಯುವುದು. ತಕ್ಕ ನೆಲೆಯನ್ನು ಊರಾಚೆ ಹುಡುಕುವುದಕ್ಕೆ ಬದಲಾಗಿ ಬಂಡಿಕಾರನ ಗುಡಿಸಲಿನ ಪಕ್ಕದ ಗೂಟವನ್ನೇ ತಕ್ಕ ನೆಲೆಯಾಗಿಸಲು ಹೊರಟ ಈ ದಾರಿ ಹೆಚ್ಚು ಕಷ್ಟದ್ದು. ಆದುದರಿಂದಲೇ ಹೆಚ್ಚು ಗೌರವಕ್ಕೆ ಪಾತ್ರವಾದುದು.

ಬ್ರೂಕ್ ಅವರು 1955ರಲ್ಲಿ ಕೈರೋವಿನಲ್ಲಿಯೇ ಕಾಲವಾದರು. ಅವರ ಹೆಸರಿನ ಸಂಸ್ಥೆಯು ಈಗ ಹಲವು ದೇಶಗಳಲ್ಲಿ, ಭಾರತದಲ್ಲಿಯೂ, ಕೆಲಸ ಮಾಡುತ್ತಿದೆ. ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ಹಸಿ ಇಟ್ಟಿಗೆಯನ್ನು ಹೊತ್ತೆಳೆಯುವ ಕುದುರೆಗಳ ಒಡೆಯರು ಅದರ ನೆರವಿನಿಂದ ಹಳ್ಳಿಹಳ್ಳಿಗಳಲ್ಲಿ ಗುಂಪುಗಳನ್ನು ಕಟ್ಟಿಕೊಂಡು, ತಮ್ಮತಮ್ಮೊಳಗೇ ಸ್ವಲ್ಪಸ್ವಲ್ಪವಾಗಿ ಹಣ ಕೂಡಿಸಿ, ಮೇವಿಗೂ ಮದ್ದಿಗೂ ಒದಗಿಸಿಕೊಳ್ಳುತ್ತಾರೆ. ಲಾಳ ಕಟ್ಟುವವರಿಗೆ ಗೊರಸನ್ನು ಎಷ್ಟು ಕೆತ್ತಬೇಕು, ಎಲ್ಲಿ ಕೆತ್ತಬಾರದು ಎಂಬುದರ ಶಿಕ್ಷಣವೂ ಅಲ್ಲಿ ದೊರೆಯುತ್ತದೆ.