ಹನ್ನೊಂದಕ್ಕಿಂತ ಹಿಂದಿನ ಹತ್ತು: ಕನ್ನಡದ ಮಕ್ಕಳ ಚಿತ್ರಪುಸ್ತಕಗಳ ಮೊದಲ ಮುದ್ರಣ

ಅಮರ ಚಿತ್ರಕಥೆ ಸರಣಿ ಶುರುವಾದದ್ದೇ 'ಕೃಷ್ಣ'ದಿಂದ ಎಂದು ನಂಬಿದವರು ಬಹಳ. ಚಿತ್ರಗಳು ರಾಮ್ ವಾಯಿರ್ಕರ್ ಅವರವು, ಸಂಪಾದಕರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಆದರೆ ಆ ಪುಸ್ತಕದ ಮೂಲ ಕ್ರಮಸಂಖ್ಯೆ 11. ಹಾಗಾದರೆ ಅದಕ್ಕೆ ಮುಂಚಿನ ಹತ್ತು ಎಲ್ಲಿ ಹೋದವು?

ಅವು ಇದ್ದದ್ದು ಬೆಂಗಳೂರಿನಲ್ಲಿ, ಅದೂ ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಪಶ್ಚಿಮದ ಕಥೆಗಳ ಕಾಮಿಕ್ಸ್‌ಗಳನ್ನು ಕನ್ನಡಕ್ಕೆ ತಂದರು. ಸಿಂಡ್ರೆಲಾ, ಸ್ನೋ ವೈಟ್, ಪಿನೋಕಿಯೋ ಎಲ್ಲವೂ ಆ ಹತ್ತರೊಳಗೆ ಸೇರಿದ್ದವು. ಮುಂಬೈಯಲ್ಲಿ ಪುರಾಣದ ಕಥೆಗಳು ಚಿತ್ರವಾದದ್ದು ಆಮೇಲೆ. ಮುಂದೆ ಸರಣಿಗೆ ಹೊಸ ಸಂಖ್ಯೆ ಕೊಟ್ಟಾಗ 'ಕೃಷ್ಣ' 501 ಆಯಿತು. ಹೀಗಾಗಿ 501 ಎಂದಿರುವ ಪ್ರತಿ ಎಷ್ಟೇ ಮಾಸಿದ್ದರೂ ಮೊದಲನೆಯದಲ್ಲ. 11 ಎಂದಿದ್ದರೂ ತಕ್ಷಣ ಹಿಗ್ಗಬೇಕಿಲ್ಲ. ರಕ್ಷಾಪುಟದ ಹಿಂಬದಿ ನೋಡಬೇಕು. ಅಲ್ಲಿ ಸರಣಿಯ ಇತರ ಪುಸ್ತಕಗಳ ಪಟ್ಟಿಯಿದ್ದು, ಅದು ಮೂವತ್ತು ನಲವತ್ತರ ತನಕ ಬೆಳೆದಿದ್ದರೆ ಕೈಯಲ್ಲಿರುವುದು ಮರುಮುದ್ರಣ.

ಮೊದಲ ಮುದ್ರಣವನ್ನು ಗುರುತಿಸುವ ಈ ವಿದ್ಯೆಗೆ ಬೇರೆ ಕಡೆ ಒಂದು ಶಿಸ್ತು ಬಂದಿದೆ. ಬಿಯಾಟ್ರಿಕ್ಸ್ ಪಾಟರ್ 'ಪೀಟರ್ ರ‍್ಯಾಬಿಟ್' ಕಥೆಯನ್ನು 1901ರ ಡಿಸೆಂಬರ್‌ನಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. 1902ರ ಫೆಬ್ರುವರಿಯಲ್ಲಿ ಇನ್ನೂ 200. ಮೊದಲ ಕಂತಿನ ಬೆನ್ನು ಚಪ್ಪಟೆ, ಎರಡನೆಯದರದು ದುಂಡು. ಫ್ರೆಡರಿಕ್ ವಾರ್ನ್ ಸಂಸ್ಥೆಯ ಮುದ್ರಣ ಮಾರುಕಟ್ಟೆಗೆ ಬಂದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಮಾರಿಸ್ ಸೆಂಡಾಕ್ ಅವರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' 1963ರದು. ಅದಕ್ಕೆ ಕ್ಯಾಲ್ಡೆಕಾಟ್ ಪದಕ ಸಿಕ್ಕಿದ್ದು 1964ರಲ್ಲಿ. ಹೊದಿಕೆಯ ಮೇಲೆ ಪದಕದ ಸುದ್ದಿಯಿದ್ದರೆ ಆ ಹೊದಿಕೆ ಮೊದಲಿನದಲ್ಲ.

ಕನ್ನಡದ ಪುಸ್ತಕಗಳಿಗೆ ಇಂಥ ಸಿದ್ಧ ಕೈಪಿಡಿಯ ಆಸರೆ ಕಡಿಮೆ. 'ಮೊದಲನೆಯ ಮುದ್ರಣ' ಎಂಬ ಸಾಲು ಇದ್ದರೆ ಸರಿ, ಇಲ್ಲದಿದ್ದರೆ ಬೆಲೆಯ ಸಾಲೇ ಗತಿ. ಬೆಲೆ ಆಣೆಯಲ್ಲಿದ್ದರೆ ಪುಸ್ತಕ ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ದಶಮಾಂಶ ನಾಣ್ಯ ಬಂದದ್ದು ಅಂದು. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರೊಳಗೆ ಹುಡುಕಬಹುದು. 1964ರ ಜೂನ್‌ನಲ್ಲಿ 'ನಯೇ' ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಪ್ರಕಾಶಕರ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ ಮಾತು. ವಿಳಾಸದಲ್ಲಿ ರಾಜ್ಯದ ಹೆಸರು ಕರ್ನಾಟಕ ಎಂದಿದ್ದರೆ 1973ರ ನವೆಂಬರ್ ಬಂದಾಗಿದೆ ಎಂದು ಲೆಕ್ಕ.

ಊರಿನ ಮೊಹರೂ ಸಾಕ್ಷಿ ನುಡಿಯುತ್ತದೆ. ಮೈಸೂರು–ಊಟಿ ರಸ್ತೆಯ ಬೇಗೂರಿನ ಯಾವುದೋ ಮನೆಯ ಟ್ರಂಕಿನಲ್ಲಿ ಮಕ್ಕಳ ಪುಸ್ತಕವೊಂದು ಸಿಕ್ಕಿತು ಎಂದಿಟ್ಟುಕೊಳ್ಳಿ. ನೇರಳೆ ಶಾಯಿಯ ಮೊಹರಿನಲ್ಲಿ 'ಗುಂಡ್ಲುಪೇಟೆ ತಾಲ್ಲೂಕು, ಮೈಸೂರು ಜಿಲ್ಲೆ' ಎಂದಿದೆ. ಚಾಮರಾಜನಗರ ಜಿಲ್ಲೆ ಬೇರೆಯಾದದ್ದು 1997ರಲ್ಲಿ; ಆದ್ದರಿಂದ ಪುಸ್ತಕ ಅದಕ್ಕಿಂತ ಈಚಿನದಾಗಿರುವ ಸಂಭವ ತೀರ ಕಡಿಮೆ. ಹೊಸ ಜಿಲ್ಲೆಯ ಹೆಸರು ಇದ್ದರೆ ಮಾತ್ರ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಐವತ್ತು ವರ್ಷದ ಪುಸ್ತಕಕ್ಕೂ ನಿನ್ನೆ ಮೊಹರು ಒತ್ತಬಹುದು.

ಅತಿ ಹೆಚ್ಚು ಜನ ಮೋಸಹೋಗುವುದು ಮುನ್ನುಡಿಯ ತಾರೀಖಿನಿಂದ. ಮರುಮುದ್ರಣವಾದರೂ ಹಳೆಯ ಅರಿಕೆ, ಅದರ ಕೆಳಗಿನ ಊರು, ದಿನಾಂಕ ಹಾಗೇ ಉಳಿಯುತ್ತವೆ. ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನದ ಜಾಡು ಹಿಡಿದು ಕುವೆಂಪು ಬರೆದ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೆಲವು ಗ್ರಂಥಪಟ್ಟಿಗಳಲ್ಲಿ 1926 ಎಂದು ನಮೂದಾಗುತ್ತದೆ. ಆ ಇಸವಿಯನ್ನು ಓದಿ ಉದಯರವಿ ಪ್ರಕಾಶನದ ಪ್ರತಿಯನ್ನೇ ಮೊದಲ ಮುದ್ರಣ ಎಂದರೆ ಆಗದು. ಆ ಪ್ರಕಾಶನ ಹುಟ್ಟಿದ್ದೇ ಆಮೇಲೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳ ಪಾಡು ಇನ್ನೂ ತೊಡಕಿನದು. 'ತುತ್ತೂರಿ', 'ಕಡಲೆಪುರಿ' ಮೊದಲಾದ ಸಂಗ್ರಹಗಳ ಪದ್ಯಗಳು ಪಠ್ಯಪುಸ್ತಕಗಳಿಗೆ ಹೋಗಿ, ಬೇರೆ ಬೇರೆ ಕಲಾವಿದರ ಚಿತ್ರ ಹೊತ್ತು ಬಂದವು. ಪದ್ಯ ಹಳೆಯದು, ಚಿತ್ರ ಹೊಸದು. ಅಂಥ ಕಡೆ ಕವಿಯ ಇಸವಿಗಿಂತ ಚಿತ್ರಕಾರರ ಸಹಿ ಮುಖ್ಯ.

ಬೆರಳಿಗೂ ಕೆಲಸವಿದೆ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಪುಟದ ಹಿಂಬದಿಯನ್ನು ಸವರಿದರೆ ಅಕ್ಷರದ ಒತ್ತು ತಾಕುತ್ತದೆ. ಆಫ್‌ಸೆಟ್ ಪುಟ ನುಣ್ಣಗಿರುತ್ತದೆ. ಅದೇ ಚಿತ್ರದ ಗೆರೆ ಒಂದು ಪ್ರತಿಯಲ್ಲಿ ಚೂಪಾಗಿದ್ದು, ಇನ್ನೊಂದರಲ್ಲಿ ದಪ್ಪಗಾಗಿ ಅಲ್ಲಲ್ಲಿ ಕಡಿದಿದ್ದರೆ ಎರಡನೆಯದು ಸವೆದ ಬ್ಲಾಕಿನದೋ ಅಚ್ಚಾದ ಚಿತ್ರದ ಫೋಟೋ ತೆಗೆದು ಮಾಡಿದ್ದೋ ಇರಬೇಕು.

ಈ ಗುರುತುಗಳಲ್ಲಿ ಹೆಚ್ಚಿನವು ಇರುವುದು ರಕ್ಷಾಪುಟದಲ್ಲಿ. ಅದನ್ನೇ ಗ್ರಂಥಾಲಯಗಳು ಕಿತ್ತೆಸೆದವು. ಮಕ್ಕಳ ಕೈಗೆ ಸಿಕ್ಕ ತೆಳು ಪುಸ್ತಕ ಬಾಳಲಿ ಎಂದು ನಾಲ್ಕೈದನ್ನು ಸೇರಿಸಿ ಹೊಲಿದು, ಅಂಚು ಕತ್ತರಿಸಿ, ಕ್ಯಾಲಿಕೋ ಬೈಂಡ್ ಹಾಕಿಸಿದರು. ಪುಸ್ತಕ ಉಳಿಯಿತು; ಬೆಲೆ, ಪಟ್ಟಿ, ಕ್ರಮಸಂಖ್ಯೆ ಹೋದವು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದದ್ದು ಬಹುಪಾಲು ಇಂಥ ಗ್ರಂಥಾಲಯ ಪ್ರತಿಗಳೇ, ಅದೂ ಕಪ್ಪು–ಬಿಳುಪಿನಲ್ಲಿ. ಹಾಗಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಗುವ, ಪುಟ ಕಿತ್ತುಹೋದರೂ ಹೊದಿಕೆ ಉಳಿಸಿಕೊಂಡ ಹರಕು ಪ್ರತಿ ಸಂಶೋಧಕರ ಪಾಲಿಗೆ ಬೈಂಡ್ ಮಾಡಿದ ಪೂರ್ಣ ಪ್ರತಿಗಿಂತ ಹೆಚ್ಚು ಬೆಲೆಯದು.