ವೃದ್ಧಶುಶ್ರೂಷೆಯ ಒರೆಗಲ್ಲು : ಒಂದು ಐತಿಹಾಸಿಕ ಅವಲೋಕನ



ಕೆಲವು ವರ್ಷಗಳ ಹಿಂದೆ ನಾವು ಒಂದು ವೃದ್ಧಾಶ್ರಮದ ವಾರ್ಷಿಕೋತ್ಸವಕ್ಕೆ ಹೋಗಿದ್ದೆವು. ವ್ಯವಸ್ಥಾಪಕರು ನಮ್ಮನ್ನು ಕಟ್ಟಡದ ತುಂಬ ಕರೆದೊಯ್ದು ಎಲ್ಲವನ್ನೂ ತೋರಿಸಿದರು. ನುಣುಪಾದ ಕಲ್ಲಿನ ನೆಲ, ಮಂಚಗಳ ಮೇಲೆ ಬಿಳಿಯ ಹಾಸು, ಅಡುಗೆಮನೆಯಲ್ಲಿ ಬೆಳಗಿಟ್ಟ ಪಾತ್ರೆಗಳು, ಗೋಡೆಯಲ್ಲಿ ದಾನಿಗಳ ಹೆಸರಿನ ಶಿಲಾಫಲಕ. ನಾವು ಸಂತೋಷಗೊಂಡು ಸಂದರ್ಶಕರ ಪುಸ್ತಕದಲ್ಲಿ ಮೆಚ್ಚುಗೆಯ ನಾಲ್ಕು ಮಾತುಗಳನ್ನು ಬರೆದೆವು. ಹೊರಡುವ ಹೊತ್ತಿಗೆ ಬಾಗಿಲ ಬಳಿಯ ಮಂಚದಲ್ಲಿದ್ದ ವೃದ್ಧರೊಬ್ಬರು ನಮ್ಮ ಕೈಹಿಡಿದು, “ಅಜ್ಜಾರ, ರಾತ್ರಿ ನೀರು ಬೇಕಂದ್ರ ಯಾರೂ ಬರಂಗಿಲ್ರಿ” ಎಂದರು. ಪುಸ್ತಕದಲ್ಲಿ ಬರೆದುದನ್ನು ನಾವು ತಿದ್ದಲಿಲ್ಲ. ಕಾರು ಏರಿ ಬಂದುಬಿಟ್ಟೆವು. ಆ ತಪ್ಪು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ. ಶುಶ್ರೂಷೆಯ ಗುಣವನ್ನು ಯಾವುದರಿಂದ ಅಳೆಯಬೇಕು, ಅಳೆಯತಕ್ಕವರು ಯಾರು ಎಂಬ ಪ್ರಶ್ನೆಯ ಚರಿತ್ರೆಯನ್ನು ಅಭ್ಯಸಿಸಲು ಅದೇ ನಮಗೆ ಪ್ರೇರಣೆಯಾಯಿತು.

ಮೊದಲಿಗೆ ಒಂದು ಸ್ಪಷ್ಟೀಕರಣ. ನಮ್ಮ ಊರುಗಳಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಖಾಸಗಿ ಆಸ್ಪತ್ರೆ. ಪಾಶ್ಚಾತ್ಯ ದೇಶಗಳಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ. ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲಾರದ ವೃದ್ಧರೂ ಅಶಕ್ತರೂ ಬಹುಕಾಲ, ಎಷ್ಟೋ ವೇಳೆ ಕೊನೆಯುಸಿರಿನವರೆಗೆ, ವಾಸಮಾಡುವ ಮನೆ ಅದು. ಈ ಲೇಖನದಲ್ಲಿ ಅದನ್ನು ಶುಶ್ರೂಷಾಲಯವೆಂದು ಕರೆದಿದ್ದೇವೆ.

ಅಶಕ್ತರ ಪೋಷಣೆ ನಮ್ಮ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಬಿಜ್ಜಳನ ಆಳ್ವಿಕೆಯ 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತ, ಅದು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಕ್ಕುವ ತಾಣ, ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣ ಎಂದು ಹೇಳುತ್ತದೆ. ಕನ್ನಡಿಗರು ಅಭಿಮಾನಪಡಬೇಕಾದ ದಾಖಲೆಯಿದು. ಆದರೆ ಚರಿತ್ರೆಯ ವಿದ್ಯಾರ್ಥಿ ಇನ್ನೊಂದು ಅಂಶವನ್ನೂ ಗಮನಿಸಬೇಕಾಗುತ್ತದೆ. ಶಾಸನವು ದಾನದ ದಾಖಲೆ. ಅಲ್ಲಿ ಕೇಳಿಬರುವುದು ಕೊಟ್ಟವರ ಮತ್ತು ಪಡೆದ ಸಂಸ್ಥೆಯ ಮಾತು. ಉಂಡ ಕುರುಡನ ಮಾತನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಇದು ಕೋಡಿಯ ಮಠದ ದೋಷವಲ್ಲ. ಜಗತ್ತಿನ ಎಲ್ಲ ದೇಶಗಳ ಪ್ರಾಚೀನ ದಾಖಲೆಗಳೂ ಹೀಗೆಯೇ ಇವೆ. ಕೊಡುವವನ ಮಾತಿನಿಂದ ಪಡೆಯುವವನ ಮಾತಿನವರೆಗೆ ಬರಲು ಮನುಕುಲಕ್ಕೆ ಬಹಳ ಕಾಲ ಹಿಡಿಯಿತು. ಆ ಪ್ರಯಾಣದ ವಿವರವಾದ ದಾಖಲೆ ನಮಗೆ ದೊರೆಯುವುದು ಇಂಗ್ಲೆಂಡ್ ಮತ್ತು ಅಮೆರಿಕಗಳ ಚರಿತ್ರೆಯಲ್ಲಿ.

ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನಿನ ಪ್ರಕಾರ ನಿರ್ಗತಿಕರಿಗಾಗಿ ದುಡಿಮೆಮನೆಗಳು ಎದ್ದವು. ಸೋಮಾರಿಗಳು ಅತ್ತ ಸುಳಿಯಬಾರದೆಂದು ಅಲ್ಲಿನ ಬದುಕನ್ನು ಬೇಕೆಂದೇ ಕಠಿನಗೊಳಿಸಿದ್ದರು. ಆದರೆ ಅವುಗಳನ್ನು ತುಂಬಿದವರಲ್ಲಿ ಬಹುಮಂದಿ ಸೋಮಾರಿಗಳಲ್ಲ. ವೃದ್ಧರು ಮತ್ತು ರೋಗಿಗಳು. ಲೂಯಿಸಾ ಟ್ವೈನಿಂಗ್ ಎಂಬ ಮಹಿಳೆ 1853ರಲ್ಲಿ ತನಗೆ ಪರಿಚಿತಳಾದ ಮುದುಕಿಯೊಬ್ಬಳನ್ನು ಕಾಣಲು ಲಂಡನ್ನಿನ ದುಡಿಮೆಮನೆಯೊಂದಕ್ಕೆ ಹೋದರು. ಒಳಗಿನ ಸ್ಥಿತಿಯನ್ನು ಕಂಡು, ತಮ್ಮಂಥ ಇತರ ಮಹಿಳೆಯರೂ ಅಲ್ಲಿಗೆ ಬಂದುಹೋಗಲು ಅಪ್ಪಣೆ ಬೇಡಿದರು. ಅಧಿಕಾರಿಗಳು ನಿರಾಕರಿಸಿದರು. ಅವರು ಬಿಡಲಿಲ್ಲ, 1858ರಲ್ಲಿ ದುಡಿಮೆಮನೆಗಳ ಸಂದರ್ಶನಕ್ಕೆಂದೇ ಒಂದು ಸಂಘ ಸ್ಥಾಪನೆಯಾಯಿತು. ಹೊರಗಿನವರ ಕಣ್ಣು ಒಳಗೆ ಬೀಳಬೇಕು ಎಂಬುದು ಈ ಚರಿತ್ರೆಯ ಪ್ರಥಮ ಪಾಠ.

1864ರ ಕೊನೆಯಲ್ಲಿ ತಿಮೊಥಿ ಡೇಲಿ ಎಂಬ ಐರಿಶ್ ಕೂಲಿಗಾರನು ದುಡಿಮೆಮನೆಯೊಂದರ ಅಲಕ್ಷ್ಯಕ್ಕೆ ತುತ್ತಾಗಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯು 1865ರಲ್ಲಿ ತಾನೇ ವೈದ್ಯರ ಸಮಿತಿಯೊಂದನ್ನು ನೇಮಿಸಿ, ಲಂಡನ್ನಿನ ದುಡಿಮೆಮನೆಗಳ ರೋಗಿಗೃಹಗಳನ್ನು ಪರೀಕ್ಷಿಸಿತು. ಕಿಕ್ಕಿರಿದ ಕೊಠಡಿಗಳು, ಕೆಟ್ಟ ಗಾಳಿ, ವೇತನಪಡೆವ ದಾದಿಯರ ಬದಲು ಅಲ್ಲಿನ ನಿವಾಸಿಗಳಾದ ಮುದುಕಿಯರಿಂದಲೇ ಶುಶ್ರೂಷೆ — ಇವೆಲ್ಲ ಬಯಲಿಗೆ ಬಂದವು. ಅದೇ ವರ್ಷ ಲಿವರ್‌ಪೂಲಿನ ದುಡಿಮೆಮನೆಯಲ್ಲಿ ಆಗ್ನೆಸ್ ಜೋನ್ಸ್ ಎಂಬ ತರಬೇತಾದ ದಾದಿ, ಫ್ಲಾರೆನ್ಸ್ ನೈಟಿಂಗೇಲರ ಬೆಂಬಲದಿಂದ ಸೇವೆಯನ್ನು ಆರಂಭಿಸಿದರು; 1868ರಲ್ಲಿ ಸೇವೆಯಲ್ಲಿರುವಾಗಲೇ ಜ್ವರಕ್ಕೆ ಬಲಿಯಾದರು. 1867ರಲ್ಲಿ ಲಂಡನ್ನಿಗಾಗಿ ಹೊಸ ಕಾನೂನು ಬಂದು, ಬಡರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆಗಳನ್ನು ಕಟ್ಟುವ ಮಾರ್ಗ ತೆರೆಯಿತು.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1948ರ ರಾಷ್ಟ್ರೀಯ ನೆರವು ಕಾನೂನು ಬಡವರ ಕಾನೂನನ್ನು ರದ್ದುಗೊಳಿಸಿತು. ಇನ್ನು ಮುಂದೆ ವೃದ್ಧರಿಗೂ ಆಶ್ರಮಕ್ಕೂ ಇರುವ ಸಂಬಂಧವು ಅತಿಥಿಗೂ ಹೋಟೆಲಿಗೂ ಇರುವ ಸಂಬಂಧದಂತೆ ಆಗಬೇಕೆಂಬುದು ಆಗಿನ ಮಂತ್ರಿ ಅನ್ಯೂರಿನ್ ಬೆವನ್ನರ ಆಶಯವಾಗಿತ್ತು. ಆಶಯ ಕಾರ್ಯರೂಪಕ್ಕೆ ಬಂದಿತೇ? ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು 1958-59ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 173 ಆಶ್ರಮಗಳನ್ನು ಕಣ್ಣಾರೆ ಕಂಡರು. ಒಂದು ಆಶ್ರಮದಲ್ಲಿ ಕೆಲವು ದಿನ ವೃದ್ಧರಿಗೆ ಸ್ನಾನಮಾಡಿಸುವ ಪರಿಚಾರಕರಾಗಿಯೂ ದುಡಿದರು. ಹಳೆಯ ದುಡಿಮೆಮನೆಗಳೇ ಹೆಸರು ಬದಲಿಸಿಕೊಂಡು ಇನ್ನೂ ಸಾವಿರಾರು ವೃದ್ಧರನ್ನು ಹೊತ್ತುಕೊಂಡಿದ್ದುದು ಅವರಿಗೆ ಕಂಡುಬಂತು. ಅವರ ಗ್ರಂಥ 1962ರಲ್ಲಿ ಪ್ರಕಟವಾಯಿತು.

ಟೌನ್‌ಸೆಂಡರು ಆಶ್ರಮಗಳ ಗುಣವನ್ನು ಅಳೆಯಲು ಐದು ಅಂಗಗಳ ಮಾನದಂಡವೊಂದನ್ನು ರಚಿಸಿದ್ದರು. ಕಟ್ಟಡದ ಸೌಕರ್ಯ, ಸಿಬ್ಬಂದಿ ಮತ್ತು ಸೇವೆ ಇವು ಮೊದಲಿನವು. ಹೊತ್ತುಕಳೆಯಲು ಕೆಲಸ, ದಿನನಿತ್ಯದ ಸ್ವಾತಂತ್ರ್ಯ, ಸಾಮಾಜಿಕ ಸಂಪರ್ಕ ಇವು ಉಳಿದವು. ಏಳುವ ಹೊತ್ತು ಯಾರ ಇಚ್ಛೆ? ಹೊರಗೆ ಹೋಗಿಬರಲು ಅಪ್ಪಣೆ ಬೇಕೇ? ಇಂಥ ಸಂಗತಿಗಳೂ ಗುಣಮಟ್ಟದ ಭಾಗವೆಂದು ಅವರು ಎಣಿಸಿದುದು ದೊಡ್ಡ ಹೆಜ್ಜೆ. ಕಾಯಕವನ್ನು ಕಳೆದುಕೊಂಡ ಜೀವ ಹೇಗೆ ಬಾಡುತ್ತದೆಂಬುದನ್ನು ಶರಣಪರಂಪರೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಗುಣಮಾಪನಕ್ಕೆ ಶಾಸ್ತ್ರೀಯ ಚೌಕಟ್ಟು ಕೊಟ್ಟವರು ಬೈರೂತಿನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವೆಡಿಸ್ ಡೊನಬೇಡಿಯನ್. 1966ರ ತಮ್ಮ ಪ್ರಬಂಧದಲ್ಲಿ ಅವರು ಚಿಕಿತ್ಸೆಯ ಗುಣವನ್ನು ರಚನೆ, ಪ್ರಕ್ರಿಯೆ, ಪರಿಣಾಮ ಎಂಬ ಮೂರು ಮುಖಗಳಿಂದ ನೋಡಬೇಕೆಂದರು. ದಾಸೋಹದ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುತ್ತದೆ. ಒಲೆ, ಕೊಪ್ಪರಿಗೆ, ಅಕ್ಕಿಯ ಮೂಟೆ ಇವು ರಚನೆ. ಬೇಯಿಸುವುದು, ಬಡಿಸುವುದು ಪ್ರಕ್ರಿಯೆ. ಹಸಿದು ಬಂದವನ ಹೊಟ್ಟೆ ತುಂಬಿದುದು ಪರಿಣಾಮ. ಕೊಪ್ಪರಿಗೆಯನ್ನು ಎಣಿಸಿದ ಮಾತ್ರಕ್ಕೆ ದಾಸೋಹ ನಡೆದಂತಾಗುವುದಿಲ್ಲ.

ಆದರೆ ಸರಕಾರಗಳು ಬಹುಕಾಲ ಕೊಪ್ಪರಿಗೆಯನ್ನೇ ಎಣಿಸಿದವು. 1965ರಲ್ಲಿ ಅಮೆರಿಕದ ಸರಕಾರ ವೃದ್ಧರ ಮತ್ತು ಬಡವರ ವೈದ್ಯವೆಚ್ಚವನ್ನು ವಹಿಸಿಕೊಂಡ ಮೇಲೆ ಅಲ್ಲಿ ಶುಶ್ರೂಷಾಲಯಗಳು ತೀವ್ರವಾಗಿ ಬೆಳೆದವು. ಕೊಲರಾಡೊ ಸಂಸ್ಥಾನದ ಡೆನ್ವರ್ ಪ್ರದೇಶದ ಶುಶ್ರೂಷಾಲಯವೊಂದರ ನಿವಾಸಿಗಳು 1975ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ತಪಾಸಣಾಧಿಕಾರಿಗಳು ತುಂಬುತ್ತಿದ್ದ ನಮೂನೆಯೊಂದರಲ್ಲಿ 541 ಪ್ರಶ್ನೆಗಳಿದ್ದವು. ಅವುಗಳಲ್ಲಿ ರೋಗಿಯ ಆರೈಕೆಗೆ ಅಷ್ಟಿಷ್ಟಾದರೂ ಸಂಬಂಧಿಸಿದವು ಕೇವಲ 30 ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಆರೈಕೆ ಮಾಡುವ ಸಾಮರ್ಥ್ಯ ಸಂಸ್ಥೆಗಿದೆಯೇ ಎಂದು ನಮೂನೆ ಕೇಳುತ್ತಿತ್ತು. ಆರೈಕೆ ನಡೆಯಿತೇ ಎಂದು ಕೇಳುತ್ತಿರಲಿಲ್ಲ. ಆರೈಕೆ ನಿಜವಾಗಿ ಸಲ್ಲುತ್ತಿದೆಯೆಂದು ಖಚಿತಪಡಿಸಿಕೊಳ್ಳುವುದು ಸರಕಾರದ ಕರ್ತವ್ಯವೆಂದು 1984ರಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಮಾನಿಸಿತು. ಅಷ್ಟರಲ್ಲಿ, ದಾವೆಗೆ ಯಾರ ಹೆಸರಿತ್ತೋ ಆ ನಿವಾಸಿ ತೀರಿಕೊಂಡಿದ್ದರು.

1985ರಲ್ಲಿ ಅಲ್ಲಿನ ನಾಗರಿಕ ಸಂಘಟನೆಯೊಂದು 15 ನಗರಗಳಲ್ಲಿ ನಾಲ್ಕುನೂರಕ್ಕೂ ಹೆಚ್ಚು ನಿವಾಸಿಗಳನ್ನು ಕೂಡಿಸಿ, ಒಳ್ಳೆಯ ಆರೈಕೆಯೆಂದರೇನು ಎಂದು ಅವರನ್ನೇ ಕೇಳಿತು. ಅವರ ಉತ್ತರದಲ್ಲಿ ಕಟ್ಟಡಕ್ಕೆ ಅಗ್ರಸ್ಥಾನವಿರಲಿಲ್ಲ. ಪರಿಚಾರಕರ ನಡತೆ, ಅವರ ಕರುಣೆ, ಅವರ ಸಂಖ್ಯೆ ಸಾಕಷ್ಟಿರುವುದು — ಇವೇ ಮುಖ್ಯವೆಂದು ನಿವಾಸಿಗಳು ಹೇಳಿದರು. 1986ರಲ್ಲಿ ವೈದ್ಯತಜ್ಞರ ರಾಷ್ಟ್ರೀಯ ಸಂಸ್ಥೆಯೂ ಸುಧಾರಣೆಯನ್ನು ಶಿಫಾರಸು ಮಾಡಿತು. 1987ರ ಡಿಸೆಂಬರಿನಲ್ಲಿ ಶುಶ್ರೂಷಾಲಯ ಸುಧಾರಣಾ ಶಾಸನ ಅಂಗೀಕಾರವಾಯಿತು. ಮುನ್ಸೂಚನೆಯಿಲ್ಲದ ತಪಾಸಣೆ, ಪ್ರತಿಯೊಬ್ಬ ನಿವಾಸಿಯ ಸ್ಥಿತಿಯ ಪ್ರತ್ಯೇಕ ಪರಿಶೀಲನೆ, ಪರಿಚಾರಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ, ನಿವಾಸಿಗಳ ಹಕ್ಕುಗಳ ಪಟ್ಟಿ ಇವೆಲ್ಲ ಅದರಲ್ಲಿ ಸೇರಿದವು. ಅದಕ್ಕೆ ಮುನ್ನ ನೂರರಲ್ಲಿ ಸುಮಾರು 40 ನಿವಾಸಿಗಳನ್ನು ಕುರ್ಚಿಗೋ ಮಂಚಕ್ಕೋ ಕಟ್ಟಿಹಾಕುವ ರೂಢಿಯಿತ್ತು. ಬೀಳದಿರಲೆಂದು ಕಟ್ಟುತ್ತೇವೆ ಎನ್ನುತ್ತಿದ್ದರು. ಶಾಸನದ ನಂತರ ಆ ಕಟ್ಟುಗಳು ಬಹುಮಟ್ಟಿಗೆ ಬಿಚ್ಚಿದವು.

ಇಷ್ಟಾದರೂ ಕಥೆ ಮುಗಿಯಲಿಲ್ಲ. 2008ರಲ್ಲಿ ಅಮೆರಿಕದ ಸರಕಾರ ಶುಶ್ರೂಷಾಲಯಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡತೊಡಗಿತು. ಸಿಬ್ಬಂದಿಯ ಲೆಕ್ಕವನ್ನು ಮೊದಲು ಸಂಸ್ಥೆಗಳು ತಾವೇ ಬರೆದುಕೊಡುತ್ತಿದ್ದವು. ವೇತನದ ದಾಖಲೆಯಿಂದ ಲೆಕ್ಕ ಸಲ್ಲಿಸಬೇಕೆಂಬ ನಿಯಮ ಬಂದುದು 2016ರಲ್ಲಿ. ಮಾಪನ ಎಷ್ಟು ಸೂಕ್ಷ್ಮವಾದರೂ ಅಳೆಸಿಕೊಳ್ಳುವವನ ಕೈಗೆ ಅಳತೆಗೋಲು ಸಿಕ್ಕರೆ ಅದು ಬಾಗುತ್ತದೆ.

ನಮ್ಮ ದೇಶದಲ್ಲಿ 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು, ಪ್ರತಿ ಜಿಲ್ಲೆಗೆ ಒಂದರಂತೆ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಮಗಳನ್ನು ಹಂತಹಂತವಾಗಿ ಸ್ಥಾಪಿಸುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿದೆ. ಅವುಗಳ ಗುಣಮಟ್ಟವನ್ನು ಗೊತ್ತುಪಡಿಸುವುದೂ ರಾಜ್ಯಗಳಿಗೆ ಸೇರಿದೆ. ಮಠಗಳೂ ಭಕ್ತರೂ ಈ ಕಾರ್ಯಕ್ಕೆ ಮುಂದಾಗುತ್ತಿರುವುದು ಶ್ಲಾಘನೀಯ. ಆದುದರಿಂದಲೇ ಈ ಚರಿತ್ರೆ ನಮಗೆ ಬೇಕು.

ತಂದೆತಾಯಿಗಳನ್ನು ಇಂಥ ಮನೆಗೆ ಸೇರಿಸಬೇಕಾದ ಅನಿವಾರ್ಯತೆ ತಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಅದಕ್ಕಾಗಿ ನಾವು ಯಾರನ್ನೂ ನಿಂದಿಸುವುದಿಲ್ಲ. ಆದರೆ ಹೇಳಿ ಕಳುಹಿಸದೆ ಹೋಗಿ ನೋಡಿರಿ. ಊಟದ ಹೊತ್ತಿಗೊಮ್ಮೆ, ಕತ್ತಲಾದ ಮೇಲೊಮ್ಮೆ ಹೋಗಿರಿ. ರಾತ್ರಿ ಎಷ್ಟು ಜನರಿಗೆ ಎಷ್ಟು ಪರಿಚಾರಕರು ಇರುತ್ತಾರೆಂದು ಕೇಳಿರಿ. ಮಲಗಿದಲ್ಲಿಯೇ ಇರುವವರ ಮಗ್ಗುಲನ್ನು ಆಗಾಗ ಬದಲಿಸುತ್ತಾರೆಯೇ, ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ವಿಚಾರಿಸಿರಿ. ಇಷ್ಟಲಿಂಗಪೂಜೆಗೆ ಕುಳಿತ ಹಿರಿಯರ ಕೈ ನಡುಗಿದರೆ ಹಿಡಿದುಕೊಳ್ಳುವವರು ಇದ್ದಾರೆಯೇ ನೋಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ವ್ಯವಸ್ಥಾಪಕರು ಬಳಿಯಿಲ್ಲದಾಗ ನಿವಾಸಿಯ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಕೇಳಿರಿ.

ಆಶ್ರಮ ನಡೆಸುವ ಮಠಾಧೀಶರಿಗೂ ದಾನಿಗಳಿಗೂ ಒಂದು ಮಾತು. ನಮ್ಮ ಭಕ್ತಿ ದೊಡ್ಡದಾದ ಕಾರಣ ನಮ್ಮ ಬಾಗಿಲನ್ನು ಪರೀಕ್ಷಕರಿಗೆ ತೆರೆಯಬೇಕಾಗಿಲ್ಲ ಎಂಬ ಭಾವನೆ ಬೇಡ. ದಾಸೋಹವೆಂದರೆ ದಾಸನಾಗಿ ನಿಲ್ಲುವುದು. ದಾಸನ ಕೆಲಸವನ್ನು ಒಪ್ಪುವ ಅಥವಾ ಒಪ್ಪದಿರುವ ಅಧಿಕಾರ ಸೇವೆ ಪಡೆದವನದು.

ಗುಣಮಾಪನದ ಶಾಸ್ತ್ರವನ್ನು ಕಟ್ಟಿದ ಡೊನಬೇಡಿಯನ್ನರು 2000ದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದಕ್ಕೆ ಸ್ವಲ್ಪ ಕಾಲ ಮೊದಲು, ತಾವೇ ರೋಗಿಯಾಗಿ ಕಂಡ ಲೋಪಗಳನ್ನು ಕುರಿತು ಮಾತನಾಡುತ್ತ, ವ್ಯವಸ್ಥೆಗಳೆಲ್ಲ ಬೇಕಾದವೇ ಸರಿ, ಆದರೆ ಗುಣದ ಗುಟ್ಟು ಕೊನೆಗೆ ಪ್ರೀತಿಯಲ್ಲಿದೆ ಎಂಬ ಅಭಿಪ್ರಾಯವನ್ನು ತಿಳಿಸಿದರು. ಜೀವಮಾನವೆಲ್ಲ ಅಳತೆ ಮಾಡಿದವರು ಕಂಡುಕೊಂಡ ಸತ್ಯವಿದು. ಪ್ರೀತಿಯಿದ್ದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ. ಪ್ರೀತಿಯಿದ್ದವನು ಅಳತೆಗೆ ಅಂಜುವುದಿಲ್ಲ.

ಆ ವೃದ್ಧರನ್ನು ಕಾಣಲು ಕೆಲವು ತಿಂಗಳ ಅನಂತರ ನಾವು ಮತ್ತೆ ಹೋದೆವು. ಅವರ ಮಂಚದಲ್ಲಿ ಬೇರೊಬ್ಬರಿದ್ದರು. ಈ ಸಲ ನಾವು ಕಟ್ಟಡವನ್ನು ಸುತ್ತಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು, “ರಾತ್ರಿ ನೀರು ಸಿಗತೈತೇನು?” ಎಂದು ಕೇಳಿದೆವು. ತಾವೂ ಎಲ್ಲಿಯೇ ಹೋದರೂ ಮೊದಲು ಈ ಪ್ರಶ್ನೆಯನ್ನು ಕೇಳಿರೆಂದು ಪ್ರಾರ್ಥಿಸಿ, ಸರ್ವರಿಗೂ ಶಿವನು ಸನ್ಮಂಗಳವನ್ನು ಉಂಟುಮಾಡಲೆಂದು ಹಾರೈಸುತ್ತೇವೆ.