ಟ್ಯಾಂಕಿನಿಂದ ಲೋಟದವರೆಗೆ: ಅಂದೋಲಾ ಭಾಗದ ಶಾಲಾ ನೀರು ಮತ್ತು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ

ಪ್ರಶ್ನೆ

ನಿಜಾಮರ ಕಾಲದಲ್ಲಿ ಅಂದೋಲಾ ಹೆಸರಿನದೇ ಒಂದು ತಾಲ್ಲೂಕು ಇತ್ತು. ಇಂದು ಊರು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿಗೆ ಸೇರಿದೆ. ಭೀಮಾ ಸೀಮೆಯ ಈ ಎರೆನೆಲದಲ್ಲಿ ಶಾಲೆಗಳಿಗೆ ನೀರು ಬರುವುದು ಬೋರ್‌ವೆಲ್‌ನಿಂದ, ಊರ ನಲ್ಲಿಯಿಂದ, ಇಲ್ಲವೇ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್‌ನಿಂದ. ರಾಜ್ಯದ ಬಿಸಿಯೂಟ ಯೋಜನೆ 2002ರಲ್ಲಿ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದಂತೆ ಉತ್ತರದ ಜಿಲ್ಲೆಗಳಲ್ಲಿ. ಅಂದಿನಿಂದ ಇಲ್ಲಿನ ಮಕ್ಕಳು ಕೈ ತೊಳೆಯುವುದು, ಉಣ್ಣುವುದು, ನೀರು ಕುಡಿಯುವುದು ಎಲ್ಲ ಶಾಲೆಯಲ್ಲೇ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು. ಸಿಕ್ಕಿದ ಇ. ಕೋಲಿ ಯಾವ ಆ್ಯಂಟಿಬಯೋಟಿಕ್‌ಗೆ ಸಾಯುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದನ್ನು ಮಾನಕ ಕೇಳುವುದಿಲ್ಲ. ಕೇಳದ ಈ ಪ್ರಶ್ನೆ ಶಾಲೆಯ ಮಟ್ಟಿಗೆ ಎಷ್ಟು ಮುಖ್ಯ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಪ್ರತಿರೋಧ ಹರಡುವ ಬಗೆ

ಔಷಧವನ್ನು ಎದುರಿಸುವ ಗುಣ ತಾಯಿಯಿಂದ ಮರಿಗೆ ಇಳಿದು ಬರುವುದು ಒಂದು ಬಗೆ. ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದು ಜಾತಿಗೆ ಅದನ್ನು ನೇರವಾಗಿ ದಾಟಿಸುವುದು ಮತ್ತೊಂದು. ಆಮಶಂಕೆ ತರುವ ಶಿಗೆಲ್ಲಾವನ್ನು ಅಭ್ಯಸಿಸುತ್ತಿದ್ದ ಜಪಾನಿನ ವಿಜ್ಞಾನಿಗಳಾದ ಒಚಿಯಾಯಿ ಮತ್ತು ಅಕಿಬಾ ಈ ಎರಡನೆಯ ಬಗೆಯನ್ನು 1959ರಲ್ಲಿ ತೋರಿಸಿಕೊಟ್ಟರು. ದಾಟಿಸುವ ಕೆಲಸ ಮಾಡುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ. ಹೀಗಾಗಿ, ತಾನು ಯಾವ ರೋಗವನ್ನೂ ತರದ ಕರುಳಿನ ಇ. ಕೋಲಿ ಕೂಡ ರೋಗಕಾರಕವೊಂದಕ್ಕೆ ಈ ಗುಣವನ್ನು ಧಾರೆಯೆರೆಯಬಲ್ಲದು.

2010ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಟಿಮೊಥಿ ವಾಲ್ಶ್ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಬೀದಿಯಲ್ಲಿ ನಿಂತ, ಜಿನುಗಿದ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ 2ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಆಸ್ಪತ್ರೆಗಳು ಕೊನೆಯ ಅಸ್ತ್ರವಾಗಿ ಇಟ್ಟುಕೊಂಡ ಕಾರ್ಬಪೆನೆಮ್ ಔಷಧಗಳನ್ನು ಸೋಲಿಸುವ ಜೀನ್ ಇದು. ಕಾಲರಾದ ವಿಬ್ರಿಯೊದಲ್ಲೂ ಶಿಗೆಲ್ಲಾದಲ್ಲೂ ಅದು ಕಂಡುಬಂತು. ಈ ಪ್ಲಾಸ್ಮಿಡ್‌ಗಳ ದಾಟುವಿಕೆ 25 ಅಥವಾ 37 ಡಿಗ್ರಿಗಿಂತ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚಿತ್ತು ಎಂಬ ಅವರ ಗಮನಿಕೆ ನಮಗೆ ಮುಖ್ಯ. ಕಲಬುರಗಿಯ ಬಿಸಿಲಿನಲ್ಲಿ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಈ ಮಟ್ಟಕ್ಕೆ ಬೆಚ್ಚಗಾಗಲು ಬೇಸಿಗೆಯೇ ಬರಬೇಕೆಂದಿಲ್ಲ.

ಈ ಪ್ರತಿರೋಧ ಮಕ್ಕಳನ್ನು ಮುಟ್ಟುವ ಬಗೆಯನ್ನು ಪಾಕಿಸ್ತಾನದ ಸಿಂಧ್ ಪ್ರಾಂತ್ಯ ತೋರಿಸಿತು. ಅಲ್ಲಿನ ಹೈದರಾಬಾದಿನಲ್ಲಿ 2016ರಿಂದ ಹಬ್ಬಿದ ಟೈಫಾಯ್ಡ್ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್‌ಗೂ ಬಗ್ಗಲಿಲ್ಲ. ಬಾಯಿಯಿಂದ ಕೊಡಬಹುದಾದ ಮದ್ದಾಗಿ ಉಳಿದದ್ದು ಅಜಿಥ್ರೊಮೈಸಿನ್. ಆ ರೋಗಾಣುವಿನಲ್ಲಿದ್ದ ಪ್ಲಾಸ್ಮಿಡ್ ಇ. ಕೋಲಿಯಲ್ಲಿ ಕಂಡಿದ್ದ ಪ್ಲಾಸ್ಮಿಡ್ಡನ್ನೇ ಹೋಲುತ್ತಿತ್ತು.

ನಾರುಹುಣ್ಣಿನ ಪಾಠ

ಮದ್ದು ಕೈಕೊಟ್ಟ ಮೇಲೆ ಉಳಿಯುವ ದಾರಿ ಯಾವುದು? ಉತ್ತರ ನಮ್ಮ ನೆಲದ ಚರಿತ್ರೆಯಲ್ಲೇ ಇದೆ. ಕರ್ನಾಟಕ ಸೇರಿ 7 ರಾಜ್ಯಗಳನ್ನು ಕಾಡಿದ, ಕುಡಿಯುವ ನೀರಿನಿಂದ ಹರಡುವ ನಾರುಹುಣ್ಣಿಗೆ ಗುಣಪಡಿಸುವ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಜನ ಕಾಲಿಟ್ಟು ಇಳಿಯುತ್ತಿದ್ದ ಮೆಟ್ಟಿಲು ಬಾವಿಗಳನ್ನು ಬದಲಿಸಿ, ಕೈಪಂಪು ಹಾಕಿ, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಕಲಿಸಿ ಅದನ್ನು ಅಳಿಸಲಾಯಿತು. ದೇಶದ ಕೊನೆಯ ಪ್ರಕರಣ 1996ರದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಮದ್ದಿಲ್ಲದ ರೋಗವನ್ನು ನೀರಿನ ಶುದ್ಧಿಯೊಂದೇ ಗೆದ್ದ ನಿದರ್ಶನವಿದು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದ ವಿಷಯದಲ್ಲೂ ಶಾಲೆಯ ಕೈಯಲ್ಲಿರುವ ಸಾಧನ ಅದೇ. ಆ್ಯಂಟಿಬಯೋಟಿಕ್‌ಗೆ ಜಗ್ಗದ ಇ. ಕೋಲಿ ಕೂಡ ಸಾಕಷ್ಟು ಕ್ಲೋರಿನ್ ಸಿಕ್ಕರೆ ಸಾಯುತ್ತದೆ.

ಸೋರುವ ಕಡೆಗಳು

ನೀರು ಕೆಡುವ ಜಾಗಗಳನ್ನು ಮೂಲದಿಂದ ಲೋಟದವರೆಗೆ ಹಿಂಬಾಲಿಸಿ ನೋಡಬೇಕು. ದಿನವಿಡೀ ನೀರು ಹರಿಯದ ಪೈಪಿನಲ್ಲಿ, ಪಂಪು ನಿಂತೊಡನೆ ಒತ್ತಡ ಇಳಿದು, ಬಿರುಕಿನಿಂದ ಗಟಾರದ ನೀರು ಒಳಗೆ ಸೇರುತ್ತದೆ. ಬೇಸಿಗೆ ರಜೆಯಲ್ಲಿ ಟ್ಯಾಂಕಿನ ನೀರು ವಾರಗಟ್ಟಲೆ ನಿಲ್ಲುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಮುಂಗಾರಿನ ಮೊದಲ ಮಳೆಯೂ ಬರುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನೇ ತೆಗೆದುಕೊಂಡಿತು.

ಶುದ್ಧ ಕುಡಿಯುವ ನೀರಿನ (ಆರ್‌ಒ) ಘಟಕದ ನೀರು ಮತ್ತೆ ಕೆಡದು ಎಂಬ ತಪ್ಪು ನಂಬಿಕೆ ಬಲವಾಗಿದೆ. ಪೊರೆಗೆ ಧಕ್ಕೆಯಾಗದಿರಲೆಂದು ಆ ಯಂತ್ರ ಕ್ಲೋರಿನ್ನನ್ನು ಇದ್ದಿಲ ಸೋಸಕದಲ್ಲಿ ಮೊದಲೇ ತೆಗೆದುಬಿಡುತ್ತದೆ. ಹೊರಬಂದ ನೀರು ಶುದ್ಧವಾಗಿರಬಹುದು, ಆದರೆ ಅದಕ್ಕೆ ಕಾವಲಿಲ್ಲ. ತೊಳೆಯದ ಕ್ಯಾನ್, ಒಳಗೆ ಅದ್ದಿದ ಲೋಟ, ಒಂದು ಕೈಬೆರಳು ಸಾಕು, ಅದು ಮತ್ತೆ ಕೆಡುತ್ತದೆ.

ಪರೀಕ್ಷೆಯ ಕ್ರಮ

ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಮಾಂಜಾ, ಮೌರ್ಯ ಮತ್ತು ರಾವ್ 1982ರಲ್ಲಿ ಪ್ರಕಟಿಸಿದ ಎಚ್‌2ಎಸ್ ಬಾಟಲಿ ಪರೀಕ್ಷೆ ಮಲದ ಕಲ್ಮಷವಿದ್ದರೆ ನೀರನ್ನು ಕಪ್ಪಾಗಿಸಿ ಎಚ್ಚರಿಸುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಶಿಕ್ಷಕರೇ ಮಾಡಬಹುದು. ಕಪ್ಪಾದ ಕಡೆ ಎರಡನೆಯ ಹಂತವಾಗಿ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಟ್ರೈಸೈಕಲ್ ವಿಧಾನವನ್ನು ಜಿಲ್ಲಾ ಮಟ್ಟದಲ್ಲಿ ಅಳವಡಿಸಬಹುದು. ಒಂದೇ ನೀರನ್ನು ಸೆಫೊಟ್ಯಾಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ ತಟ್ಟೆಯಲ್ಲೂ ಬೆರೆಸದ ತಟ್ಟೆಯಲ್ಲೂ ಬೆಳೆಸಿ ಎರಡರ ಇ. ಕೋಲಿ ಲೆಕ್ಕವನ್ನು ಹೋಲಿಸುವುದು ಅದರ ತಿರುಳು. ಪ್ರತಿರೋಧ ಯಾವ ಊರಲ್ಲಿ ಬೇರೂರುತ್ತಿದೆ ಎಂಬುದು ಆಗ ತಿಳಿಯುತ್ತದೆ.

ಆದರೆ ಶಾಲೆ ಆ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ. ಬಾಟಲಿ ಕಪ್ಪಾದರೆ, ಅಲ್ಲಿರುವುದು ಮದ್ದಿಗೆ ಬಗ್ಗದ್ದೇ ಎಂದು ಎಣಿಸಿ ನಡೆಯುವುದು ಕ್ಷೇಮ. ತಿಳಿ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಅರ್ಧ ಗಂಟೆಯ ಕಾಲಾವಕಾಶ, ಆಮೇಲೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದ ಕ್ಲೋರಿನ್. ತೆರೆದಿಟ್ಟ ಪೌಡರ್ ದಿನಕಳೆದಂತೆ ಸತ್ವ ಕಳೆದುಕೊಳ್ಳುವುದರಿಂದ, ಹಾಕಿದ ಪುಡಿಗಿಂತ ಉಳಿದ ಕ್ಲೋರಿನ್ ಅಳೆಯುವುದೇ ನಂಬಿಕೆಗೆ ಅರ್ಹ.

ತೀರ್ಮಾನ

ಪ್ರತಿರೋಧವನ್ನು ಆಸ್ಪತ್ರೆಯ ಸಮಸ್ಯೆಯೆಂದು ಓದುತ್ತ ಬಂದಿದ್ದೇವೆ. ನೀರಿನ ಜಾಡು ಹಿಡಿದರೆ ಅದು ಶಾಲೆಯ ಅಂಗಳಕ್ಕೂ ಬರುತ್ತದೆ. ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ: ಬೆಳಗಿನ ಪ್ರಾರ್ಥನೆಗೆ ಮುನ್ನ, ಮಕ್ಕಳು ಬಾಯೊಡ್ಡುವ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿತ್ತು ಎಂಬ ಒಂದೇ ಅಂಕಿ, ದಿನವೂ. ಅಂದೋಲಾದ ಮಗುವಿಗೆ ನಾಳೆ ಯಾವ ಮದ್ದು ಬೇಕಾದೀತು ಎಂಬ ಪ್ರಶ್ನೆ ಏಳದಂತೆ ನೋಡಿಕೊಳ್ಳುವ ಕೆಲಸ ಆ ಅಂಕಿಯಿಂದ ಆರಂಭವಾಗುತ್ತದೆ.